ಹಿರಿಯಳ ಉಸಿರು

ಮಣ್ಣಿನ ಗೊಂಬೆಯಾದರೂ ಸವತಿ ಸವತಿಯೇ ಎಂದು ಹೆಂಗಸರು ಹೇಳುವುದುಂಟು. ದಾಕ್ಷಾಯಿಣಿಯ ಸವತಿಗೆ ಮಣ್ಣಿನ ಮೈಯೂ ಇರಲಿಲ್ಲ. ಇದ್ದದ್ದು ಬರೀ ಉಸಿರು, ಅದೂ ಒಂದು ದಿಂಬಿನೊಳಗೆ.

ದಿನಾ ಊಟವಾಗಿ, ಹಲ್ಲುಜ್ಜಿ, ದೀಪ ಸಣ್ಣದಾದ ಮೇಲೆ ಐದು ವರ್ಷದ ಮುಕ್ತಾ ಆ ದಿಂಬನ್ನು ಎದೆಗವಚಿಕೊಂಡು ಗೋಡೆಯ ಕಡೆ ತಿರುಗುತ್ತಿದ್ದಳು. ದಾಕ್ಷಾಯಿಣಿ ಹೊದಿಕೆ ಸರಿಮಾಡಿ ಮಂಚದ ಅಂಚಿನಲ್ಲಿ ಕೂತಳೋ, ಮಾತು ಬರುತ್ತಿತ್ತು.

"ಚಿಗವ್ವಾ, ನೀ ಇನ್ನ ಆಕಡಿ ಹೋಗು. ಅವ್ವ ಬರೂ ಹೊತ್ತಾತು."

ಮಗು ಸಿಟ್ಟಿನಿಂದ ಹೇಳುತ್ತಿರಲಿಲ್ಲ. ಬಸ್ಸಿನಲ್ಲಿ ಪಕ್ಕದವರಿಗೆ 'ಸ್ವಲ್ಪ ಸರೀರಿ' ಎನ್ನುವಷ್ಟೇ ಸಹಜವಾಗಿ ಹೇಳುತ್ತಿದ್ದಳು. ದಾಕ್ಷಾಯಿಣಿಯ ಹೊಟ್ಟೆಗೆ ಬೆಂಕಿ ಬೀಳುತ್ತಿದ್ದದ್ದು ಆ ಸಹಜತೆಗೇ. ಅವಳು ಎದ್ದು ಅದೇ ಕೋಣೆಯ ಇನ್ನೊಂದು ಬದಿಯ ಮಂಚದಲ್ಲಿ ಗಂಡನ ಪಕ್ಕ ಮಲಗಿ, ಕಿವಿಯನ್ನು ಮಾತ್ರ ಈ ಕಡೆಗೇ ಬಿಟ್ಟಿರುತ್ತಿದ್ದಳು. ದಿಂಬು ಮೆಲ್ಲಗೆ ಉಬ್ಬಿ ಇಳಿಯುತ್ತಿತ್ತು. ಉದ್ದನೆಯ ಒಂದು ನಿಟ್ಟುಸಿರು, ಆಮೇಲೆ ಚೂರು ತಡೆದು ಇನ್ನೊಂದು ಪುಟ್ಟದು. ಮೆಟ್ಟಿಲು ಮುಗಿಯಿತೆಂದುಕೊಂಡವಳು ಇನ್ನೊಂದಿದೆ ಎಂದು ನೆನಪಾಗಿ ಇಳಿದ ಹಾಗೆ. ಅದು ಕಸ್ತೂರಿಯ ಉಸಿರಿನ ನಡೆ. ಕಸ್ತೂರಿ ಎಂದರೆ ಮುಕ್ತಾಳ ತಾಯಿ, ಸಂಗನಬಸುವಿನ ಮೊದಲ ಹೆಂಡತಿ, ತೀರಿಹೋಗಿ ಮೂರು ವರ್ಷವಾಗಿತ್ತು.

ಉಸಿರಿಗೂ ನಡೆ ಉಂಟು ಎಂಬುದು ಜಗತ್ತಿಗೆ ಗೊತ್ತಾದದ್ದು ಈಚೆಗೆ. ಎಳೆಯ ಮಗು ತಾನಾಗಿ ನಿದ್ದೆಗೆ ಇಳಿಯುವುದಿಲ್ಲ. ಪಕ್ಕದಲ್ಲಿ ಮಲಗಿದವರ ಉಸಿರನ್ನು ಹಿಡಿದುಕೊಂಡು ಇಳಿಯುತ್ತದೆ, ಬಾವಿಗೆ ಹಗ್ಗ ಹಿಡಿದು ಇಳಿದ ಹಾಗೆ. ಕಣ್ಣು ಮುಚ್ಚುವ ಆ ಗಳಿಗೆಯಲ್ಲಿ ಒಬ್ಬೊಬ್ಬರ ಉಸಿರು ಒಂದೊಂದು ರೀತಿ. ಒಬ್ಬರದಿದ್ದಂತೆ ಇನ್ನೊಬ್ಬರದಿಲ್ಲ. ಇದು ತಿಳಿದ ಮೇಲೆ ಉಸಿರುದಿಂಬು ಬಂತು. ರಾತ್ರಿ ಪಾಳಿಯ ತಾಯಂದಿರು, ಕಬ್ಬು ಕಡಿಯಲು ಗುಳೆ ಹೋಗುವವರು ತಮ್ಮ ನಿದ್ದೆಯ ಉಸಿರನ್ನು ಅದರೊಳಗೆ ತುಂಬಿಟ್ಟು ಹೋದರೆ ಸಾಕು. ದಿಂಬು ಅದೇ ನಡೆಯಲ್ಲಿ ಉಬ್ಬುತ್ತದೆ, ಇಳಿಯುತ್ತದೆ, ಒಂದಿಷ್ಟು ಬೆಚ್ಚಗೂ ಇರುತ್ತದೆ. ಮಗು ಮೋಸ ಹೋಗುತ್ತದೆ ಎಂದರೆ ವೈದ್ಯರು ಸಿಟ್ಟಾಗುತ್ತಾರೆ. ಮಗುವಿಗೆ ಆಸರೆ ಎನ್ನಬೇಕಂತೆ. ಉಸಿರು ಮನುಷ್ಯನ ಸ್ವಂತದ್ದು, ಅದರ ನಕಲು ಬೇರೆಲ್ಲೂ ಇರಕೂಡದು ಎಂದು ಕಾನೂನೂ ಬಂದಿತ್ತು. ಹೀಗಾಗಿ ದಿಂಬಿನಲ್ಲಿದ್ದದ್ದು ದಿಂಬಿನಲ್ಲಿ ಮಾತ್ರ. ನಿದ್ರಾ ಕೇಂದ್ರಕ್ಕೆ ಹೋಗುತ್ತಿದ್ದದ್ದು ಮಲಗಿದ ಮಗುವಿನ ಉಸಿರಿನ ಗೆರೆಯೊಂದೇ.

ಕಸ್ತೂರಿ ನರ್ಸು. ಮುಕ್ತಾ ಆರು ತಿಂಗಳ ಕೂಸಾಗಿದ್ದಾಗ ರಾತ್ರಿ ಪಾಳಿಗೆ ಹೋಗಬೇಕಾಗಿ ಬಂದು ದಿಂಬು ತುಂಬಿಸಿದ್ದಳು. ಒಂದು ಬೆಳಗ್ಗೆ ಪಾಳಿ ಮುಗಿಸಿ ಬರುವಾಗ ಹೆದ್ದಾರಿಯಲ್ಲಿ ಲಾರಿ ಬಡಿದು ಹೋದಳು. ದಿಂಬು ಉಳಿಯಿತು.

ದಾಕ್ಷಾಯಿಣಿಯ ಗ್ರಹಚಾರ ನೋಡಿ. ಅವಳು ಬಾಗಲಕೋಟೆ ನವನಗರದ ಮಕ್ಕಳ ನಿದ್ರಾ ಕೇಂದ್ರದಲ್ಲೇ ಕೆಲಸಕ್ಕಿದ್ದವಳು. ಸಂಗನಬಸು ಮಗಳನ್ನು ಎತ್ತಿಕೊಂಡು ಬಂದಾಗ ಆ ದಿಂಬಿನ ಉಸಿರನ್ನು ಪರದೆಯ ಮೇಲೆ ಮೊದಲು ನೋಡಿದವಳು ಅವಳೇ. 'ಎಷ್ಟು ಚೆಂದದ ನಡೆ ನೋಡ್ರಿ, ನಿದ್ದಿ ಅಂದ್ರ ಹಿಂಗಿರಬೇಕು' ಎಂದು ಹೊಸಬರನ್ನು ಕರೆದು ತೋರಿಸಿದ್ದಳು. ಆ ಮನೆಗೇ ಸೊಸೆಯಾಗಿ ಹೋಗುತ್ತೇನೆಂದು ಆಗ ಗೊತ್ತಿದ್ದರೆ ಬಾಯಿ ಮುಚ್ಚಿಕೊಂಡಿರುತ್ತಿದ್ದಳೋ ಏನೋ.

ಕೇಂದ್ರದ ನಿಯಂತ್ರಣ ಕೊಠಡಿಯಲ್ಲಿ ಬೆಳಗ್ಗೆಯೆಂದರೆ ಜಿಲ್ಲೆಯ ಮಕ್ಕಳೆಲ್ಲ ಕಳೆದ ರಾತ್ರಿ ಮಲಗಿದ ಗೆರೆಗಳು ಗೋಡೆಯ ತುಂಬ ಹರಡಿಕೊಂಡಿರುತ್ತಿದ್ದವು. ಯಾವ ಮನೆಯಲ್ಲಿ ಟಿವಿ ತಡವಾಗಿ ಆರಿತು, ಯಾವ ಮನೆಯಲ್ಲಿ ಜಗಳವಾಯಿತು, ಯಾವ ಕೂಸಿಗೆ ಹಲ್ಲು ಬರುತ್ತಿದೆ, ದಾಕ್ಷಾಯಿಣಿಗೆ ಗೆರೆ ನೋಡಿದರೆ ತಿಳಿಯುತ್ತಿತ್ತು. ಆಮೇಲೆ ಆ ಮನೆಯವರನ್ನು ಕರೆಸಿ, ಬೈಯದೆ, ರೂಢಿ ತಿದ್ದುವುದು ಅವಳ ಕೆಲಸ. ಅದರಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ.

ಆ ದಿನ ಅಮೀನಗಡದಿಂದ ಒಂದು ಕುಟುಂಬ ಬಂದಿತ್ತು. ಹುಡುಗ ದಿನಾ ನಡುರಾತ್ರಿ ಎದ್ದು ಕೂರುತ್ತಾನೆ, ಕಾರಣ ಯಾರಿಗೂ ಗೊತ್ತಿಲ್ಲ. ದಾಕ್ಷಾಯಿಣಿ ಅದನ್ನೂ ಇದನ್ನೂ ಮಾತಾಡುತ್ತ ಅಜ್ಜನ ಕಡೆ ತಿರುಗಿದಳು.

"ಅಜ್ಜಾ, ನೀವು ಅಂಗಡಿ ಮುಚ್ಚಿ ಬರೂದು ತಡಾ ಆಕ್ಕತೇನು?"

ಅಜ್ಜ ಸೊಸೆಯ ಮುಖ ನೋಡಿ ನೆಲ ನೋಡಿದ. "ಒಂದ್ ಚೂರು ಕರದಂಟು ಕೊಡತೀನ್ರೀ. ಎಚ್ಚರಿದ್ದಾಗ ಕೊಟ್ರ ಇವರವ್ವ ಬೈತಾಳ. ಅದಕ್ಕ ಮಲಗಿದ ಮ್ಯಾಲೆ ಎಬ್ಬಿಸಿ..."

"ಅಯ್ಯ ನಿಮ್ಮ!" ಎಂದು ಸೊಸೆ ಬಾಯಿ ತೆರೆಯುವ ಮೊದಲೇ ದಾಕ್ಷಾಯಿಣಿ ನಕ್ಕುಬಿಟ್ಟಳು. "ಕೊಡ್ರಿ ಅಜ್ಜಾ, ಯಾರು ಬ್ಯಾಡಂದ್ರು? ಬೆಳಿಗ್ಗೆ ಸಾಲಿಗೆ ಹೋಗೂ ಮುಂದ ಕೊಡ್ರಿ. ರಾತ್ರಿ ಬರೀ ಕೈ ಹಿಡಕೊಂಡು ಬಾಜೂಕ ಮಲಗ್ರಿ. ಕರದಂಟಿನಷ್ಟ ರುಚಿ ಇರತೈತಿ ಅಂವಗ."

ಅವರು ನಗುತ್ತ ಹೋದರು. ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ತಾನೇ ಹೋಗಿ ಬಚ್ಚಲಲ್ಲಿ ಬಿತ್ತಂತೆ. ಬಾಗಿಲು ಮುಚ್ಚುತ್ತಿದ್ದಂತೆ ಕೇಂದ್ರದ ಮುಖ್ಯಸ್ಥೆ ಡಾ. ಫರ್ಹತ್ ಜಮಾದಾರ ಅವಳನ್ನು ಒಳಗೆ ಕರೆದು ಪರದೆಯ ಮೇಲೆ ಒಂದು ಗೆರೆ ಹಾಕಿದರು. ಅದು ಮುಕ್ತಾಳದೆಂದು ತಿಳಿಯಲು ಹೆಸರು ಓದುವುದೇ ಬೇಕಿರಲಿಲ್ಲ.

"ದಾಕ್ಷಾ, ಇಲ್ಲಿ ನೋಡು. ಇಳ್ಯಾಕತ್ತಾಳ, ಇಳ್ಯಾಕತ್ತಾಳ, ಒಮ್ಮಿಗೇ ಉಸಿರು ನಿಂತು ಎಚ್ಚರಾಗತಾಳ. ರಾತ್ರಿ ತುಂಬ ಇದ ಕತಿ. ಹಗಲೊತ್ತು ಹೆಂಗಿರತಾಳ?"

"ತೂಕಡಸತಾಳ್ರಿ. ಟೀಚರ್ ಹೇಳಿ ಕಳಸ್ಯಾರ. ಸಿಡುಕೂ ಭಾಳ ಆಗೇತಿ."

"ಎತ್ತರಾನೂ ಏರಿಲ್ಲ. ಗಂಟಲಾ ನೋಡಿದೆ, ಮೂಗು ನೋಡಿದೆ, ಎಲ್ಲಾ ಛಲೋ ಅದ. ನನಗನಸೂದು ಇಷ್ಟು. ಆ ದಿಂಬಿನ್ಯಾಗ ಇರೂದು ಹಾಲುಣಿಸೂ ತಾಯಿ ಉಸಿರು. ಅರ್ಧಾ ಎಚ್ಚರದ್ದು. ಕೂಸಿಗೆ ಅದು ಸರಿ, ಐದು ವರ್ಷದ ಹುಡುಗಿಗೆ ಅಲ್ಲ. ಇನ್ನ ಹಸ್ತಾಂತರ ಮಾಡಬೇಕು."

ಹಸ್ತಾಂತರವೆಂದರೆ ಎದೆಹಾಲು ಬಿಡಿಸಿದಂತೆ. ಹಳೆಯ ಉಸಿರಿಗೆ ಮನೆಯಲ್ಲಿರುವ ಒಬ್ಬರ ಹೊಸ ಉಸಿರನ್ನು ವಾರಕ್ಕೆ ಒಂದೊಂದು ಪಾಲು ಬೆರೆಸುತ್ತ ಹೋಗಬೇಕು. ಅವರೇ ಮಗುವಿನ ಪಕ್ಕದಲ್ಲಿ ಮಲಗಲೂ ಬೇಕು. ಕೊನೆಗೆ ದಿಂಬು ಬೇಡವಾಗುತ್ತದೆ, ಮನುಷ್ಯರು ಉಳಿಯುತ್ತಾರೆ.

"ಯಾರ ಉಸಿರು ಬೆರಸೂಣು?"

"ನಂದು," ಎಂದಳು ದಾಕ್ಷಾಯಿಣಿ. ಎಷ್ಟು ಬೇಗ ಹೇಳಿದಳೆಂದರೆ ಡಾಕ್ಟರು ಕನ್ನಡಕದ ಮೇಲಿನಿಂದ ನೋಡಿದರು.

"ಅವಸರಾ ಬ್ಯಾಡ ಮತ್ತ. ನೀನು ಖರೇನ ನಿದ್ದಿ ಹತ್ತಿದಾಗಿನ ಉಸಿರು ಬೇಕು. ಸಾವಕಾಶ ಆಗಲಿ."

ಮನೆಯಲ್ಲಿ ಸಾವಕಾಶವೆಂಬುದು ಅವಳ ಮಟ್ಟಿಗೆ ಮುಗಿದುಹೋಗಿತ್ತು. ಮದುವೆಯ ದಿನವೇ ಅತ್ತೆ ನೀಲವ್ವ ಅವಳ ಕೊರಳಿಗೆ ತಾಳಿಯ ಜೊತೆ ಒಂದು ಸಣ್ಣ ಚಿನ್ನದ ಬಿಲ್ಲೆಯನ್ನೂ ಕಟ್ಟಿದ್ದಳು. ಅದರ ಮೇಲೆ ಹೆಣ್ಣಿನ ಮುಖ. ತೀರಿಹೋದ ಹಿರಿಯ ಹೆಂಡತಿಯನ್ನು ಕಿರಿಯಳು ಕೊರಳಲ್ಲಿ ಧರಿಸಬೇಕು, ಅವಳು ಮುನಿಯದಂತೆ ನೋಡಿಕೊಳ್ಳಬೇಕು. ಹಬ್ಬದಲ್ಲಿ ಮೊದಲು ಬಿಲ್ಲೆಗೆ ಅರಿಸಿನ ಕುಂಕುಮ, ಆಮೇಲೆ ಇವಳಿಗೆ. ಹೊಸ ಸೀರೆ ತಂದರೆ ಸೆರಗನ್ನು ಮೊದಲು ಅದಕ್ಕೆ ಮುಟ್ಟಿಸಬೇಕು.

"ಆಕಿ ಹಿರೀಕಿ ನಮ್ಮವ್ವಾ. ಆಕೀನ ಮುಂದ ಮಾಡಿಕೊಂಡು ಹೋದ್ರ ನಿನಗ ಛಲೋ," ಎನ್ನುತ್ತಿದ್ದಳು ನೀಲವ್ವ. ಕೆಟ್ಟವಳಲ್ಲ. ಸೊಸೆಗೆ ರೊಟ್ಟಿಯನ್ನು ಬಿಸಿಬಿಸಿಯಾಗಿಯೇ ಬಡಿಸುವ ಅತ್ತೆ. ಆದರೂ ದಾಕ್ಷಾಯಿಣಿ ಮಲಗುವಾಗ ಸರವನ್ನು ತಿರುಗಿಸಿ ಆ ಬಿಲ್ಲೆಯನ್ನು ಬೆನ್ನ ಹಿಂದಕ್ಕೆ ತಳ್ಳುತ್ತಿದ್ದಳು. ಅದು ಬೆನ್ನಿಗೆ ಒತ್ತುತ್ತಿತ್ತು. ಒತ್ತಿದರೆ ಒತ್ತಲಿ.

ಚಿನ್ನದ ಮುಖವನ್ನು ಅವಳು ಸಹಿಸಿಯಾಳು. ಅದು ಯಾರನ್ನೂ ಮಲಗಿಸುತ್ತಿರಲಿಲ್ಲ. ಉಸಿರನ್ನು ಸಹಿಸುವುದು ಹೇಗೆ? ಪಾತ್ರೆ ತಿಕ್ಕುವಾಗ, ಕಸ ಗುಡಿಸುವಾಗ ಅವಳು ತನಗೇ ಗೊತ್ತಿಲ್ಲದೆ ಆ ನಡೆಯನ್ನು ಕಲಿಯುತ್ತಿದ್ದಳು. ಉದ್ದನೆಯ ನಿಟ್ಟುಸಿರು, ಚೂರು ತಡೆ, ಪುಟ್ಟದೊಂದು. ಬರುತ್ತಿರಲಿಲ್ಲ. ಕೊನೆಯ ಪುಟ್ಟದು ಅವಳ ಬಾಯಲ್ಲಿ ಬಿಕ್ಕಳಿಕೆಯಾಗುತ್ತಿತ್ತು. ಸತ್ತವಳ ಜೊತೆ ಜಿದ್ದಿಗೆ ಬಿದ್ದರೆ ಸೋಲುವುದು ಬದುಕಿದವರೇ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದವರೆಲ್ಲ ಜಿದ್ದು ಬಿಟ್ಟಿದ್ದರೆ ಲೋಕ ಹೀಗಿರುತ್ತಿರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ನೀಲವ್ವ ಮುಕ್ತಾಳನ್ನು ಕರೆದುಕೊಂಡು ಪಕ್ಕದ ಸೆಕ್ಟರಿನಲ್ಲಿದ್ದ ತಂಗಿಯ ಮನೆಗೆ ಹೋಗಿದ್ದಳು. ದಾಕ್ಷಾಯಿಣಿ ಮಾಳಿಗೆಯಿಂದ ಒಣಗಿದ ಬಟ್ಟೆ ತಂದು ಕೋಣೆಗೆ ಕಾಲಿಟ್ಟವಳು ಅಲ್ಲೇ ನಿಂತಳು. ಸಂಗನಬಸು ಮಗಳ ಪುಟ್ಟ ಮಂಚದಲ್ಲಿ ಮೊಣಕಾಲು ಮಡಚಿ ಮಲಗಿದ್ದ. ಕೆನ್ನೆ ದಿಂಬಿನ ಮೇಲಿತ್ತು. ದಿಂಬು ಉಬ್ಬಿ ಇಳಿಯುತ್ತಿತ್ತು, ಅವನೂ ಉಬ್ಬಿ ಇಳಿಯುತ್ತಿದ್ದ.

ಸೌರಪಂಪು ರಿಪೇರಿ ಮಾಡುತ್ತ ಊರೂರು ತಿರುಗುವ ಗಂಡ ಅವನು. ದಣಿದು ಬಂದರೂ ಅವಳ ಪಕ್ಕ ಮಲಗಿದಾಗ ಹೊರಳಾಡುತ್ತಿದ್ದ, ಹಲ್ಲು ಕಚ್ಚುತ್ತಿದ್ದ. ಇಲ್ಲಿ ನೋಡಿದರೆ ಮುಖದ ಬಿಗಿಯೆಲ್ಲ ಸಡಿಲಿ, ಬಾಯಿ ತುಸು ತೆರೆದು, ಕೂಸಿನ ಹಾಗೆ ಜೊಲ್ಲು ಸುರಿಸುತ್ತಿದ್ದ. ಮಗು ಹೋಗಲಿ, ಹೆತ್ತವಳ ಉಸಿರನ್ನು ಬೇಡಿದರೆ ಒಂದು ಅರ್ಥವಿದೆ. ಇವನಿಗೇನು ಬಂತು? ಹೊಟ್ಟೆಕಿಚ್ಚು ಎಂಬುದು ಬರೀ ಮಾತಲ್ಲ, ನಿಜವಾಗಿ ಹೊಟ್ಟೆಯಲ್ಲೇ ಹೊತ್ತಿಕೊಳ್ಳುತ್ತದೆ ಎಂದು ಆ ದಿನ ಅವಳಿಗೆ ತಿಳಿಯಿತು. ಬಟ್ಟೆಗಳನ್ನು ಅಲ್ಲೇ ನೆಲದ ಮೇಲೆ ಹಾಕಿ ಹೊರಗೆ ಬಂದಳು.

ಮರುದಿನ ದಿಂಬನ್ನು ಚೀಲದಲ್ಲಿಟ್ಟುಕೊಂಡು ಕೆಲಸಕ್ಕೆ ಹೋದಳು. ಹಸ್ತಾಂತರ ಶುರುವಾಗುತ್ತದೆ ಎಂದು ಮನೆಯಲ್ಲಿ ಹೇಳಿದ್ದಳು, ಸುಳ್ಳೂ ಅಲ್ಲ. ಊಟದ ಹೊತ್ತಿಗೆ ಎಲ್ಲರೂ ಕ್ಯಾಂಟೀನಿಗೆ ಇಳಿದಾಗ ಮಾದರಿ ತೆಗೆಯುವ ಕೋಣೆಯ ಮಂಚದಲ್ಲಿ ಮಲಗಿ ಕಣ್ಣು ಮುಚ್ಚಿದಳು. ನಿದ್ದೆ ಎಲ್ಲಿ ಬರಬೇಕು? ಕಾರಿಡಾರಿನಲ್ಲಿ ಯಾರದೋ ಚಪ್ಪಲಿಯ ಸದ್ದು ಕೇಳಿದಾಗೆಲ್ಲ ಉಸಿರು ತಾನಾಗಿ ನಿಲ್ಲುತ್ತಿತ್ತು. ಮಲಗಿದವರಿಗೆ ನಿದ್ದೆ ಹತ್ತಿಲ್ಲವಾದರೆ ಯಂತ್ರ ಮಾದರಿಯನ್ನು ಒಪ್ಪುವುದಿಲ್ಲ. ಸಿಬ್ಬಂದಿಗೆ ಕೊಟ್ಟ ಅಧಿಕಾರ ಬಳಸಿ ಅದನ್ನು ಒಪ್ಪಿಸಿದಳು. ಮೊದಲ ವಾರಕ್ಕೆ ಹತ್ತರಲ್ಲಿ ಒಂದು ಪಾಲು ಬೆರೆಸಬೇಕು. ಅವಳ ಬೆರಳು ಒಂದರಲ್ಲಿ ನಿಂತು, ಎರಡಕ್ಕೆ ಹೋಗಿ, ಆಮೇಲೆ ನಿಲ್ಲಲೇ ಇಲ್ಲ. ಹತ್ತಕ್ಕೆ ಹತ್ತು.

'ಹಳೆಯ ಉಸಿರು ಪೂರ್ತಿ ಅಳಿಯುತ್ತದೆ, ಮತ್ತೆ ಸಿಗುವುದಿಲ್ಲ. ಮುಂದುವರಿಯಲೇ?' ಎಂದು ಪರದೆ ಕೇಳಿತು.

ಮುಂದುವರಿ ಎಂದಳು.

ಸಂಜೆ ಬಸ್ಸಿನಲ್ಲಿ ಮನೆಗೆ ಬರುವಾಗ ಅವಳಿಗೆ ಪಶ್ಚಾತ್ತಾಪವಾಯಿತು ಎಂದು ಬರೆದರೆ ಓದುವವರಿಗೆ ಸಮಾಧಾನ, ಆದರೆ ಹಾಗಾಗಲಿಲ್ಲ. ಅವಳಿಗೆ ಖುಷಿಯಾಗಿತ್ತು. ದಾರಿಯಲ್ಲಿಳಿದು ಒಂದು ಮೊಳ ಮಲ್ಲಿಗೆ ಕೊಂಡು ಮುಡಿದುಕೊಂಡಳು.

ರಾತ್ರಿ ಮುಕ್ತಾ ದಿಂಬನ್ನು ಅವಚಿ ಗೋಡೆಯ ಕಡೆ ತಿರುಗಿದಳು. ಸ್ವಲ್ಪ ಹೊತ್ತಿಗೆ ತಲೆ ಎತ್ತಿದಳು.

"ಚಿಗವ್ವಾ, ಅವ್ವ ಉಸರು ಹಿಡಕೊಂಡಾಳ."

ದಾಕ್ಷಾಯಿಣಿ ಆಚೆ ಮಂಚದಿಂದಲೇ ಹೇಳಿದಳು. "ಇಲ್ಲವಾ. ಮಲ್ಕೊ."

"ಹಿಡಕೊಂಡಾಳ. ಯಾರೋ ಬಂದಾರ ಅಂತ ಅಂಜ್ಯಾಳ."

ಮಗು ಅಳಲಿಲ್ಲ, ರಂಪ ಮಾಡಲಿಲ್ಲ. ಎದ್ದು ಕೂತು ದಿಂಬನ್ನು ತೊಡೆಯ ಮೇಲೆ ಹಾಕಿಕೊಂಡು ತಟ್ಟತೊಡಗಿದಳು. "ಅಂಜಬ್ಯಾಡ ಅವ್ವಾ. ನಾ ಅದೀನಿ. ಯಾರೂ ಇಲ್ಲ. ಮಲ್ಕೊ, ಮಲ್ಕೊ." ಆ ಪುಟ್ಟ ಅಂಗೈಯ ಸದ್ದು ಕತ್ತಲಲ್ಲಿ ಎಷ್ಟೋ ಹೊತ್ತು ಕೇಳುತ್ತಲೇ ಇತ್ತು. ತಟ್ಟಿಸಿಕೊಳ್ಳುತ್ತಿರುವುದು ತನ್ನದೇ ಉಸಿರು ಎಂದು ದಾಕ್ಷಾಯಿಣಿಗೆ ಗೊತ್ತಿತ್ತು. ಅವಳ ಜೀವಮಾನದಲ್ಲಿ ಯಾರೂ ಅವಳನ್ನು ಹಾಗೆ ತಟ್ಟಿ ಮಲಗಿಸಿದ ನೆನಪಿರಲಿಲ್ಲ. ಆದರೆ ಹೆಸರು ಆಗಲೂ ಕಸ್ತೂರಿಯದೇ. ತನಗೆ ಬಂದದ್ದೂ ಅವಳ ಲೆಕ್ಕಕ್ಕೇ ಹೋಯಿತು! ಅಳಬೇಕೋ ಸಿಟ್ಟಾಗಬೇಕೋ ತಿಳಿಯದೆ ಅವಳು ಉಸಿರು ಬಿಗಿಹಿಡಿದು ಮಲಗಿದ್ದಳು.

ಮರುದಿನವೂ ಹಾಗೇ, ಅದರ ಮರುದಿನವೂ ಹಾಗೇ. ನೀಲವ್ವ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದಳು. ಸಂಗನಬಸು ಮಗಳನ್ನು ಹೆಗಲ ಮೇಲೆ ಹಾಕಿಕೊಂಡು ಅಂಗಳ ಸುತ್ತಿದ. ಮಗು ಹೆಗಲಿಂದಲೇ ಕೊಸರಿಕೊಳ್ಳುತ್ತಿತ್ತು. "ನಾ ಒಳಗ ಹೋಗತೀನಿ. ನಾ ಮಲಗಿಬಿಟ್ರ ಅವ್ವ ಒಬ್ಬಾಕಿನ ಆಗತಾಳ."

ವಾರ ತುಂಬುವ ಮೊದಲೇ ಶಾಲೆಯಿಂದ ಫೋನ್ ಬಂತು. ಜಾರುಬಂಡೆ ಹತ್ತಿದ ಮುಕ್ತಾ ಮೇಲೆಯೇ ಕಣ್ಣು ಮುಚ್ಚಿ ಪಕ್ಕಕ್ಕೆ ಬಿದ್ದಿದ್ದಳು. ಬಲ ಮುಂಗೈ ಮುರಿದಿತ್ತು.

ಬಿಳಿ ಪಟ್ಟಿ ಸುತ್ತಿದ ಆ ಕೈ ನೋಡಿದ ಮೇಲೆ ದಾಕ್ಷಾಯಿಣಿಗೆ ಮುಚ್ಚಿಡುವ ಶಕ್ತಿ ಉಳಿಯಲಿಲ್ಲ. ನೇರ ಕೇಂದ್ರಕ್ಕೆ ಹೋಗಿ ಡಾ. ಫರ್ಹತ್ ಅವರ ಎದುರು ದಿಂಬನ್ನಿಟ್ಟು ಎಲ್ಲವನ್ನೂ ಹೇಳಿದಳು.

"ನಾಳೆಯಿಂದ ಈ ಖೋಲಿಗೆ ನೀ ಬರಬ್ಯಾಡ. ಸಮಿತಿ ಮುಂದ ಹೇಳಬೇಕಾಕ್ಕತಿ. ಅದು ಆಮ್ಯಾಲೆ." ಅವರು ದಿಂಬಿನ ಉಸಿರನ್ನು ಪರದೆಗೆ ಹಾಕಿದರು. "ಇದೇನಿದು? ಇದು ನಿದ್ದಿ ಮಾಡವರ ಉಸಿರಲ್ಲ ದಾಕ್ಷಾ. ಬಾಗಲಾ ಹಿಂದ ನಿಂತು ಕೇಳವರದು. ಇಲ್ಲಿ ಹಿಡದಿ, ಇಲ್ಲಿ ಹಿಡದಿ, ಇಲ್ಲಿ..."

ಅವರ ಬೆರಳು ಅಲ್ಲೇ ನಿಂತಿತು. ಮುಕ್ತಾಳ ಹಳೆಯ ಗೆರೆಗಳನ್ನು ಅವಸರವಾಗಿ ತೆಗೆದು ಕೆಳಗೆ ಜೋಡಿಸಿದರು. ತಿಂಗಳುಗಟ್ಟಲೆ ಹಿಂದಿನವು, ದಿಂಬಿನಲ್ಲಿ ಇನ್ನೂ ಕಸ್ತೂರಿ ಇದ್ದಾಗಿನವು. ಮಗುವಿನ ಉಸಿರು ನಿಂತಲ್ಲೆಲ್ಲ ಅದೇ ಆಕಾರ, ಅದೇ ಅಳತೆ.

"ಯುಗಾದಿಗೆ ನೀ ತವರಿಗೆ ಹೋಗಿದ್ದಿ ಹೌದಲ್ಲ?"

"ಹೌದ್ರಿ."

ಆ ದಿನಗಳ ಗೆರೆಯಲ್ಲಿ ಉಸಿರು ಎಲ್ಲೂ ಹಾಗೆ ನಿಂತಿರಲಿಲ್ಲ. ಮಗು ನಿಶ್ಚಿಂತೆಯಾಗಿ ಮಲಗಿತ್ತು.

"ನಾನು ತಪ್ಪು ತಿಳದಿದ್ದೆ," ಎಂದರು ಡಾಕ್ಟರು ನಿಧಾನವಾಗಿ. "ತಾಯಿ ಉಸಿರಿನ ತಪ್ಪಲ್ಲ ಅದು. ದಿಂಬು ಹಿಡಕೊಂಡು ಅರ್ಧಾ ದಾರಿ ಇಳೀತಾಳ. ಆಮ್ಯಾಲೆ ಖೋಲಿಯೊಳಗಿನ ಜೀವಂತ ಉಸಿರು ಹುಡುಕತಾಳ. ನಿಂದು. ನೀ ದಿನಾ ಆಚೆ ಮಂಚದಾಗ ಉಸಿರು ಬಿಗಿಹಿಡದು ಏನು ಕೇಳತಿದ್ದಿ?"

"ಆಕೀನ್ನ," ಎಂದಳು ದಾಕ್ಷಾಯಿಣಿ.

"ನೀ ಆಕೀನ್ನ ಕೇಳತಿದ್ದಿ. ಹುಡುಗಿ ನಿನ್ನನ್ನ ಕೇಳತಿದ್ಲು. ನೀ ಹಿಡದಾಗ ತಾನೂ ಹಿಡೀತಿದ್ಲು."

ಎಷ್ಟು ತಿಂಗಳಿಂದ ಬೇಡಿಕೊಂಡಿದ್ದು ಕೈಯಲ್ಲೇ ಇತ್ತು! ಅದು ತನಗೆ ಸಿಗಲಿಲ್ಲವೆಂದು ಉರಿದುಕೊಂಡೇ ಅವಳು ಅದನ್ನು ಕೆಡಿಸಿದ್ದಳು. ದಾಕ್ಷಾಯಿಣಿ ಸೆರಗಿನಿಂದ ಕಣ್ಣೊರೆಸಿಕೊಂಡು ತವರಿಗೆ ಹೋಗಿದ್ದ ದಿನಗಳ ಆ ಗೆರೆಯನ್ನೇ ನೋಡಿದಳು. ಯಾರ ತಡೆಯೂ ಇಲ್ಲದ ಮಗುವಿನ ಸ್ವಂತ ನಿದ್ದೆ. ಉದ್ದನೆಯದೊಂದು ಇಳಿತ, ಚೂರು ತಡೆ, ಇನ್ನೊಂದು ಪುಟ್ಟದು. ಪಾತ್ರೆ ತಿಕ್ಕುತ್ತ ಕಲಿಯಲು ಹೆಣಗಿದವಳಿಗೆ ಗುರುತು ಸಿಗದಿರುತ್ತದೆಯೇ? ತಾನು ಅಳಿಸಿಹಾಕಿದೆನೆಂದುಕೊಂಡಿದ್ದ ಕಸ್ತೂರಿ ಅಲ್ಲಿ ಕೂತಿದ್ದಳು, ಮಗಳ ಎದೆಯಲ್ಲಿ, ಯಾವ ಗುಂಡಿಗೂ ಎಟುಕದ ಹಾಗೆ.

"ದಿಂಬು ಇಲ್ಲೇ ಇರಲಿ," ಎಂದರು ಡಾಕ್ಟರು. "ಹುಡುಗಿಗೆ ಔಷಧ ಇಲ್ಲ. ನಿನಗದ. ಹೋಗಿ ಆಕಿ ಬಾಜೂಕ ನಿದ್ದಿ ಮಾಡು. ಖರೇ ನಿದ್ದಿ."

ಗಂಡನಿಗೆ ಹೇಳುವುದು ಡಾಕ್ಟರಿಗೆ ಹೇಳಿದಷ್ಟು ಸುಲಭವಾಗಿರಲಿಲ್ಲ. ಅವನು ಅಂಗಳದಲ್ಲಿ ಪಂಪಿನ ಬಿಡಿಭಾಗ ಬಿಚ್ಚಿ ಹರಡಿಕೊಂಡು ಕೂತಿದ್ದ. ನಿಂತೇ ಹೇಳಿದಳು. ನಟ್ಟು ತಿರುಗಿಸುತ್ತಿದ್ದ ಅವನ ಕೈಯ ಪಾನಾ ಅಲ್ಲೇ ನಿಂತಿತು.

"ಪೂರ್ತಿ ಹೋತೇನು?"

"ಪೂರ್ತಿ."

ಬೈದಿದ್ದರೆ, ಎರಡು ಏಟು ಕೊಟ್ಟಿದ್ದರೂ ಅವಳಿಗೆ ಹಗುರವಾಗುತ್ತಿತ್ತು. ಅವನು ಎಣ್ಣೆಯ ಕೈಯನ್ನು ಬಟ್ಟೆಗೆ ಒರೆಸುತ್ತಲೇ ಇದ್ದ. ಒರೆಸಿದ್ದೇ ಒರೆಸಿದ್ದು.

"ಕೇಳಿದ್ರ ಕೊಡತಿದ್ದೆ," ಎಂದ ಕೊನೆಗೆ. "ಒಂದ್ ಮಾತು ಕೇಳಿದ್ರ ನಾನ ತಗದು ಕೊಡತಿದ್ದೆ ದಾಕ್ಷಾ."

ಎದ್ದು ಹೊರಗೆ ಹೋದ. ನೀಲವ್ವ ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದಳು. ಸೊಸೆಗೆ ತಟ್ಟೆ ಹಾಕಿದಳು. ಆ ದಿನ ರೊಟ್ಟಿ ತಣ್ಣಗಿತ್ತು.

ರಾತ್ರಿ ದಿಂಬಿಲ್ಲದ ಹಾಸಿಗೆಯ ಮೇಲೆ ಮುಕ್ತಾ ಪಟ್ಟಿ ಸುತ್ತಿದ ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು ಮಲಗಿದ್ದಳು. ದಾಕ್ಷಾಯಿಣಿ ಪಕ್ಕದಲ್ಲಿ ಜಾಗ ಮಾಡಿಕೊಂಡಳು. ಪುಟ್ಟ ಮಂಚ, ಅರ್ಧ ಮೈ ಹೊರಗೇ ಇತ್ತು.

"ಅವ್ವ ಎಲ್ಲಿ?"

ಎಷ್ಟೋ ಮನೆಯವರಿಗೆ ಎಂಥೆಂಥದೋ ಪ್ರಶ್ನೆಗೆ ಉತ್ತರ ಹೇಳಿಕೊಟ್ಟವಳು ಅವಳು. ಈಗ ತಡವರಿಸಿದಳು. "ದಿಂಬಿನ್ಯಾಗ ಇಲ್ಲವಾ ಇನ್ನ. ನಾ ತಗದುಬಿಟ್ಟೆ. ತಪ್ಪು ಮಾಡಿದೆ."

ಮುಕ್ತಾ ಅತ್ತಳು. ಜೋರಾಗಿ, ಕೈ ನೋವನ್ನೂ ಸೇರಿಸಿ, ಅವಳನ್ನು ಕಾಲಿನಿಂದ ಒದ್ದು ಅತ್ತಳು. ದಾಕ್ಷಾಯಿಣಿ ಒದೆಸಿಕೊಂಡೇ ಮಲಗಿದ್ದಳು. ಅಳು ಸಣ್ಣದಾಗಿ ಬಿಕ್ಕಾಯಿತು, ಬಿಕ್ಕು ದೂರದೂರವಾಯಿತು. ಆಮೇಲೆ ಮಗು ಅವಳ ಕಡೆ ಹೊರಳಿ ಸಂಶಯದಿಂದ ನೋಡಿತು.

"ಮತ್ತ ಉಸರು ಹಿಡಕೊಂಡಿಯಲ್ಲ! ನೀನೂ ಅವ್ವನಂಗ ಅಂಜತೀ ಏನು?"

"ಹೂಂ."

"ಯಾರೂ ಇಲ್ಲ. ನೀ ಮದ್ಲ ಮಲ್ಕೊ." ಎಡಗೈ ಬಂದು ಅವಳ ತೋಳಿನ ಮೇಲೆ ತಟ್ಟತೊಡಗಿತು. ಎರಡು ಸಲ ತಟ್ಟಿ, ಮರೆತು, ಮತ್ತೆ ತಟ್ಟಿ, ನಿಂತಿತು.

ಕಿವಿಯ ಹತ್ತಿರದಲ್ಲೇ ಆ ಉಸಿರು ಶುರುವಾಯಿತು. ಉದ್ದನೆಯ ಇಳಿತ, ಚೂರು ತಡೆ, ಇನ್ನೊಂದು ಪುಟ್ಟದು. ದಾಕ್ಷಾಯಿಣಿಯ ಎದೆ ಅಭ್ಯಾಸದಂತೆ ಬಿಗಿಯಿತು. ಬಂದೆಯಾ, ಎಂದು ಮನಸ್ಸಿನಲ್ಲೇ ಕೇಳಿದಳು. ನನ್ನ ಗಂಡ ನಿನ್ನವನು, ನನ್ನ ಮಗಳು ನಿನ್ನವಳು, ಈಗ ನನ್ನ ನಿದ್ದೆಯೂ ನೀನೇ ಕೊಡಬೇಕೇ? ಕೊಡು ಹಾಗಾದರೆ. ಹಟ ಮಾಡುವುದಕ್ಕೂ ಮೈಯಲ್ಲಿ ತ್ರಾಣವಿರಬೇಕಲ್ಲ, ಅವಳಲ್ಲಿ ಉಳಿದಿರಲಿಲ್ಲ. ಹಗ್ಗ ಹಿಡಿದಳು. ಒಂದು ಮೆಟ್ಟಿಲು ಇಳಿದಳು, ಇನ್ನೊಂದು ಇಳಿದಳು. ಆಮೇಲಿನದು ಅವಳಿಗೆ ಗೊತ್ತಿಲ್ಲ.

ಕಣ್ಣು ಬಿಟ್ಟಾಗ ಬಿಸಿಲು ಗೋಡೆಗೆ ಬಂದಿತ್ತು. ಮೈ ಅರ್ಧ ಮಂಚದಲ್ಲಿ, ಅರ್ಧ ಹೊರಗೆ. ಬಿಲ್ಲೆ ರಾತ್ರಿಯಲ್ಲಿ ಹೇಗೋ ತಿರುಗಿ ಮುಂದೆ ಬಂದು ಎದೆಯ ಮೇಲೆ ಬಿದ್ದಿತ್ತು. ಅವಳು ಹಿಂದಕ್ಕೆ ತಳ್ಳಲು ಕೈ ಎತ್ತಿದವಳು, ಇರಲಿ ಬಿ‍ಡು ಎಂದು ಬಿಟ್ಟಳು. ಮುಕ್ತಾ ಆಗಲೇ ಎದ್ದು ಅಡುಗೆಮನೆಯ ಕಟ್ಟೆಯ ಮೇಲೆ ಕೂತು ಹಾಲು ಕುಡಿಯುತ್ತಿದ್ದಳು.

"ಚಿಗವ್ವಾ, ನೀ ರಾತ್ರಿ ಗೊರಕಿ ಹೊಡದಿ. ನಮ್ಮವ್ವ ಹಂಗ ಹೊಡೀತಿರಲಿಲ್ಲ."

ಹೊಟ್ಟೆಯಲ್ಲಿ ಹಳೆಯ ಕಿಡಿ ಚಿಟ್ಟೆಂದಿತು. ನೀಲವ್ವ ಒಲೆಯ ಕಡೆ ತಿರುಗಿ ನಗು ಮುಚ್ಚಿಕೊಂಡದ್ದೂ ಕಂಡಿತು.

"ಅಷ್ಟು ತ್ರಾಸ ಆಗಿದ್ರ ಎಬ್ಬಸಬೇಕಿಲ್ಲೋ?"

"ನಾ ಹೆಂಗ ಎಬ್ಬಸಲಿ? ನಂಗ ನಿದ್ದಿ ಹತ್ತಿತ್ತಲ್ಲ."

"ಮತ್ತ ನಾ ಗೊರಕಿ ಹೊಡದದ್ದು ನಿಂಗ ಹೆಂಗ ಗೊತ್ತಾತು?"

"ಅಪ್ಪ ಹೇಳಿದ. ಅಂವ ಬೆಳತನಾ ಬಾಗಲದಾಗ ಕುಂತು ಕೇಳಾಕತ್ತಿದ್ನಂತ."

ದಾಕ್ಷಾಯಿಣಿ ಅಂಗಳಕ್ಕೆ ಬಂದಳು. ಸಂಗನಬಸು ಪಂಪಿನ ಭಾಗಗಳನ್ನು ಮತ್ತೆ ಜೋಡಿಸುತ್ತಿದ್ದ, ಕಣ್ಣು ಕೆಂಪಗಿದ್ದವು. ಅವಳಿಗೆ ಕೇಳಬಾರದೆಂದು ಗೊತ್ತಿತ್ತು. ಕೇಳದೆ ಇರಲೂ ಆಗಲಿಲ್ಲ.

"ರಾತ್ರಿ ಬಾಗಲದಾಗ ಕುಂತು ಯಾರ ಉಸಿರು ಕೇಳಾಕತ್ತಿದ್ರಿ?"

ಅವನು ತಲೆ ಎತ್ತಲಿಲ್ಲ. ಒಂದು ನಟ್ಟು ತಿರುಗಿಸಿ ಬಿಗಿ ಮಾಡಿದ.

"ಯಾರದರ ಕೇಳೂಣು ಅಂತಾನ ಕುಂತಿದ್ದೆ," ಎಂದ. "ನಿನ್ನ ಗೊರಕಿ ಬಿಟ್ಟು ಬ್ಯಾರೇದು ಏನೂ ಕೇಳಸಲಿಲ್ಲ."